ಮಂತ್ರಗುಪ್ತಿಯೂ ಪತ್ರಿಕಾಸ್ವಾತಂತ್ರ್ಯವೂ: ೧೯೭೧ರ ಒಂದು ಮೊಕದ್ದಮೆಯ ವಿಚಾರ

ರಾಜಕಾರ್ಯದ ಆಲೋಚನೆ ಹೊರಕ್ಕೆ ತಿಳಿಯಕೂಡದೆಂಬುದು ಬಹು ಹಳೆಯ ನಿಯಮ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಮಂತ್ರಾಲೋಚನೆಯ ಸ್ಥಳವು ಹಕ್ಕಿಗಳ ಕಣ್ಣಿಗೂ ಬೀಳದಂತಿರಬೇಕೆಂದು ವಿಧಿಸುತ್ತಾನೆ. ಗಿಳಿ, ಗೊರವಂಕ, ನಾಯಿ ಮೊದಲಾದ ಪ್ರಾಣಿಗಳಿಂದಲೂ ಹಿಂದೆ ಮಂತ್ರಭೇದವಾದುದುಂಟೆಂಬ ಪ್ರತೀತಿಯನ್ನು ಅದಕ್ಕೆ ಕಾರಣವಾಗಿ ಕೊಡುತ್ತಾನೆ. ಅವನ ಕಾಲದ ಗಿಳಿಯ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ನಕಲುಯಂತ್ರವು ವಹಿಸಿಕೊಂಡಿತೆಂಬುದನ್ನು ಮುಂದೆ ನೋಡುವೆವು.

ಆದರೆ ಕೌಟಿಲ್ಯನ ರಾಜ್ಯಕ್ಕೂ ಇಂದಿನ ಗಣರಾಜ್ಯಕ್ಕೂ ಒಂದು ಮೂಲಭೂತವಾದ ಭೇದವುಂಟು. ಅಲ್ಲಿ ಮಂತ್ರವು ಅರಸನ ಸ್ವತ್ತು. ಇಲ್ಲಿ ಮಂತ್ರಿಗಳು ಪ್ರಜೆಗಳ ಪರವಾಗಿ, ಪ್ರಜೆಗಳು ಕೊಟ್ಟ ಅಧಿಕಾರದಿಂದ, ಪ್ರಜೆಗಳ ಮಕ್ಕಳನ್ನೇ ಯುದ್ಧಕ್ಕೆ ಕಳುಹಿಸುವ ಆಲೋಚನೆ ಮಾಡುತ್ತಾರೆ. ಅಧಿಕಾರ ಕೊಟ್ಟವರಿಗೇ ಅದರ ಬಳಕೆಯ ಲೆಕ್ಕವನ್ನು ತೋರಿಸದೆ ಮುಚ್ಚಿಡುವುದು ಎಷ್ಟರಮಟ್ಟಿಗೆ ಸಾಧು? ಮುಚ್ಚಿಟ್ಟ ಕಾಗದ ಪತ್ರಿಕೆಯೊಂದರ ಕೈಗೆ ಸಿಕ್ಕಿದರೆ ಅದನ್ನು ಅಚ್ಚುಹಾಕದಂತೆ ತಡೆಯುವ ಹಕ್ಕು ಸರ್ಕಾರಕ್ಕೆ ಇದೆಯೆ?

ತರಗತಿಗಳಲ್ಲಿ ಈ ಪ್ರಶ್ನೆಯನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ತಕ್ಕಡಿಯ ಉಪಮೆಯನ್ನು ಬಳಸುತ್ತೇವೆ. ಒಂದು ತಟ್ಟೆಯಲ್ಲಿ ಪತ್ರಿಕೆಯ ಸ್ವಾತಂತ್ರ್ಯ, ಇನ್ನೊಂದರಲ್ಲಿ ದೇಶದ ಭದ್ರತೆ. ಎರಡನ್ನೂ ಸಮತೂಕದಲ್ಲಿ ಇರಿಸಬೇಕೆನ್ನುತ್ತೇವೆ. ಉಪಮೆ ಅಂದವಾಗಿದೆ, ಅದರಿಂದ ತಿಳಿಯುವುದು ಮಾತ್ರ ಸ್ವಲ್ಪ. ತಕ್ಕಡಿಯನ್ನು ಹಿಡಿಯುವವರು ಯಾರು, ಭದ್ರತೆಯ ತಟ್ಟೆಯಲ್ಲಿ ಇಟ್ಟುದು ನಿಜವಾದ ತೂಕವೋ ಬರಿಯ ಮುದ್ರೆಯೊತ್ತಿದ ಕಾಗದವೋ ಎಂಬುದನ್ನು ಯಾರು ಯಾರಿಗೆ ರುಜುವಾತುಪಡಿಸಬೇಕು, ಅದೂ ಅಚ್ಚಾಗುವ ಮೊದಲೋ ಅನಂತರವೋ ಎಂಬ ಮಾತುಗಳನ್ನು ಅದು ಬಿಟ್ಟುಬಿಡುತ್ತದೆ. ವಿವಾದವೆಲ್ಲ ಇರುವುದು ಆ ಮಾತುಗಳಲ್ಲಿ.

ನಿಜವಾದ ರಹಸ್ಯಗಳು ಇವೆಯೆಂಬುದನ್ನು ಮೊದಲು ಒಪ್ಪಬೇಕು. ೧೯೩೧ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನಿಯರ್ ಎಂಬ ಪತ್ರಕರ್ತನಿಗೂ ಮಿನೆಸೋಟ ರಾಜ್ಯಕ್ಕೂ ನಡೆದ ಮೊಕದ್ದಮೆಯಲ್ಲಿ, ಪ್ರಕಟಣೆಗೆ ಮೊದಲೇ ಪತ್ರಿಕೆಯನ್ನು ತಡೆಯುವ ಪೂರ್ವಪ್ರತಿಬಂಧವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಆ ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ಹ್ಯೂಸ್ ಅವರೇ, ಯುದ್ಧಕಾಲದಲ್ಲಿ ಸೈನ್ಯವನ್ನು ಹೊತ್ತ ಹಡಗುಗಳು ಹೊರಡುವ ದಿನಾಂಕ, ಸೇನೆಯ ಸಂಖ್ಯೆ, ಅದು ಬೀಡುಬಿಟ್ಟ ಜಾಗ ಇವುಗಳ ಪ್ರಕಟಣೆಯನ್ನು ತಡೆಯಬಹುದೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದೆಂದೂ ಹೇಳಿದರು. ೧೯೪೨ರ ಜೂನ್ ತಿಂಗಳಲ್ಲಿ ಮಿಡ್‌ವೇ ಕಾಳಗದ ಬೆನ್ನಿಗೆ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯು, ಜಪಾನಿ ನೌಕಾಪಡೆಯ ಯೋಜನೆ ಅಮೆರಿಕದ ನೌಕಾಪಡೆಗೆ ಮೊದಲೇ ತಿಳಿದಿತ್ತೆಂದು ಬರೆಯಿತು. ಜಪಾನಿನ ಗುಪ್ತಲಿಪಿಯನ್ನು ಅಮೆರಿಕನ್ನರು ಒಡೆದು ಓದುತ್ತಿದ್ದಾರೆಂಬುದನ್ನು ಶತ್ರು ಅದರಿಂದ ಊಹಿಸಬಹುದಾಗಿತ್ತು. ಸರ್ಕಾರ ಮೊಕದ್ದಮೆ ಹೂಡಲು ಹೊರಟಿತು. ಆದರೆ ಅಪಾಯವನ್ನು ಸಾಬೀತುಮಾಡಲು ಗುಪ್ತಲಿಪಿಯ ಸಂಗತಿಯನ್ನೇ ಬಯಲುಮಾಡಬೇಕಾಗಿದ್ದುದರಿಂದ ನೌಕಾಪಡೆ ಹಿಂಜರಿಯಿತು. ಆಗಸ್ಟ್ ತಿಂಗಳಲ್ಲಿ ಆರೋಪ ಬಿದ್ದುಹೋಯಿತು. ನಮ್ಮ ದೇಶದಲ್ಲಿಯೂ, ೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಭಯೋತ್ಪಾದಕರು ದಾಳಿ ಮಾಡಿದಾಗ, ದೂರದರ್ಶನ ವಾಹಿನಿಗಳು ಭದ್ರತಾಪಡೆಗಳ ಚಲನವಲನವನ್ನು ಆ ಕ್ಷಣದಲ್ಲೇ ತೋರಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೨ರ ತೀರ್ಪಿನಲ್ಲಿ ಕಟುವಾಗಿ ಖಂಡಿಸಿತು. ಆ ಖಂಡನೆ ನ್ಯಾಯವಾದುದೇ.

ಈ ಮೂರು ನಿದರ್ಶನಗಳಲ್ಲಿಯೂ ರಹಸ್ಯವೆನಿಸಿದುದು ನಡೆಯುತ್ತಿರುವ ಅಥವಾ ಕೂಡಲೇ ನಡೆಯಲಿರುವ ಕಾರ್ಯ. ಹಡಗು ದಡ ಮುಟ್ಟಿದ ಮೇಲೆ ಅದು ಹೊರಟ ದಿನಾಂಕ ಯಾರಿಗೂ ಅಪಾಯಕರವಲ್ಲ. ಇಂಥ ರಹಸ್ಯಕ್ಕೆ ಆಯುಷ್ಯ ಕಡಿಮೆ. ಮತ್ತೊಂದು ಜಾತಿಯ ರಹಸ್ಯವುಂಟು. ಅದು ಕಾಲ ಕಳೆದಷ್ಟೂ ಹೆಚ್ಚು ಬಿಗಿಯಾಗಿ ಕಾಯಲ್ಪಡುತ್ತದೆ. ಅದು ಆಳಿದವರ ತಪ್ಪುಗಳ ರಹಸ್ಯ. ಎರಡರ ಮೇಲೆಯೂ ಬೀಳುವ ಮುದ್ರೆ ಒಂದೇ ಆಗಿರುವುದೇ ತೊಡಕು.

೧೯೬೭ರ ಜೂನ್ ತಿಂಗಳಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ಅವರು, ವಿಯೆಟ್ನಾಮಿನಲ್ಲಿ ತಮ್ಮ ದೇಶ ಹೇಗೆ ಸಿಕ್ಕಿಕೊಂಡಿತೆಂಬುದರ ಇತಿಹಾಸವನ್ನು ಸರ್ಕಾರದ ಕಡತಗಳಿಂದಲೇ ಬರೆಯಿಸಲು ಏರ್ಪಾಡು ಮಾಡಿದರು. ೧೯೪೫ರಿಂದ ಮೊದಲ್ಗೊಂಡು ನಾಲ್ವರು ಅಧ್ಯಕ್ಷರ ಕಾಲವನ್ನು ಒಳಗೊಂಡ ಈ ಗ್ರಂಥ ೧೯೬೯ರ ಆರಂಭದಲ್ಲಿ ಮುಗಿಯಿತು: ೪೭ ಸಂಪುಟ, ಸುಮಾರು ೭,೦೦೦ ಪುಟ. ಅದರಲ್ಲಿ ಸುಮಾರು ೩,೦೦೦ ಪುಟ ನಿರೂಪಣೆ, ಉಳಿದುದು ಮೂಲಪತ್ರಗಳು. ತೆಗೆದ ಪ್ರತಿಗಳು ೧೫ ಮಾತ್ರ. ಇಡೀ ಗ್ರಂಥದ ಮೇಲೆ ‘ಅತಿ ರಹಸ್ಯ’ವೆಂಬ ಮುದ್ರೆ ಬಿದ್ದಿತು, ಅದರೊಳಗೆ ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ ಸುದ್ದಿಗಳೂ ಬಹಿರಂಗ ಭಾಷಣಗಳೂ ಸೇರಿದ್ದುವು. ಬಹಿರಂಗ ಭಾಷಣವೊಂದು ರಹಸ್ಯವಾಗುವ ಈ ಪವಾಡವನ್ನು ಕಚೇರಿಗಳ ಪರಿಚಯವಿರುವವರು ಸುಲಭವಾಗಿ ನಂಬುವರು.

ಈ ಸಂಪುಟಗಳಲ್ಲಿ ಸೇನೆಯ ಮುಂದಿನ ಹೆಜ್ಜೆಯೇನೂ ಇರಲಿಲ್ಲ. ಅವುಗಳ ಕಥೆ ೧೯೬೭-೬೮ಕ್ಕೇ ನಿಂತಿತ್ತು. ಅಲ್ಲಿದ್ದುದು, ಸರ್ಕಾರ ಪ್ರಜೆಗಳಿಗೆ ಹೇಳಿದುದಕ್ಕೂ ತನ್ನೊಳಗೆ ಹೇಳಿಕೊಂಡುದಕ್ಕೂ ಇದ್ದ ಅಂತರ. ೧೯೬೪ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯ ಘಟನೆಯನ್ನು ಮುಂದಿಟ್ಟು ಅಧ್ಯಕ್ಷ ಜಾನ್ಸನ್ ಶಾಸನಸಭೆಯಿಂದ ಯುದ್ಧಾಧಿಕಾರ ಪಡೆದರು. ಅದಕ್ಕೆ ಮೊದಲೇ ಉತ್ತರ ವಿಯೆಟ್ನಾಮಿನ ಕರಾವಳಿಯ ಮೇಲೆ ಅಮೆರಿಕದ ನಿರ್ದೇಶನದಲ್ಲಿ ಗುಪ್ತದಾಳಿಗಳು ನಡೆಯುತ್ತಿದ್ದುದನ್ನು ಸಭೆಗೆ ತಿಳಿಸಿರಲಿಲ್ಲ. ೧೯೬೫ರ ಮಾರ್ಚಿಯಲ್ಲಿ ರಕ್ಷಣಾ ಇಲಾಖೆಯ ಉನ್ನತಾಧಿಕಾರಿ ಜಾನ್ ಮೆಕ್‌ನಾಟನ್ ಬರೆದ ಟಿಪ್ಪಣಿಯೊಂದು ಯುದ್ಧದ ಉದ್ದೇಶಗಳನ್ನು ಶೇಕಡಾವಾರು ಹಂಚಿತ್ತು. ಅಮೆರಿಕಕ್ಕೆ ಅವಮಾನಕರವಾದ ಸೋಲನ್ನು ತಪ್ಪಿಸುವುದಕ್ಕೆ ಶೇಕಡಾ ೭೦. ದಕ್ಷಿಣ ವಿಯೆಟ್ನಾಮಿನ ನೆಲ ಚೀನದ ಕೈಸೇರದಂತೆ ನೋಡಿಕೊಳ್ಳುವುದಕ್ಕೆ ಶೇಕಡಾ ೨೦. ಆ ದೇಶದ ಜನರಿಗೆ ಉತ್ತಮವೂ ಸ್ವತಂತ್ರವೂ ಆದ ಬಾಳು ದೊರಕಿಸುವುದಕ್ಕೆ ಶೇಕಡಾ ೧೦. ಸಾರ್ವಜನಿಕ ಭಾಷಣಗಳಲ್ಲಿ ಈ ಕೊನೆಯ ಉದ್ದೇಶವೇ ಮುಂದೆ ನಿಲ್ಲುತ್ತಿತ್ತು.

ಗ್ರಂಥರಚನೆಯಲ್ಲಿ ಭಾಗವಹಿಸಿದ್ದ ಡೇನಿಯಲ್ ಎಲ್ಸ್‌ಬರ್ಗ್ ಎಂಬುವರು ೧೯೬೯ರ ಅಕ್ಟೋಬರಿನಿಂದ ರಾತ್ರಿ ವೇಳೆ, ಸ್ನೇಹಿತರ ಕಚೇರಿಯೊಂದರ ನಕಲುಯಂತ್ರದಲ್ಲಿ, ಪುಟಪುಟವಾಗಿ ಇದರ ಪ್ರತಿ ತೆಗೆದರು. ಮೊದಲು ಅವರು ಹೋದುದು ಪತ್ರಿಕೆಯ ಬಳಿಗಲ್ಲ. ಫುಲ್‌ಬ್ರೈಟ್ ಮೊದಲಾದ ಶಾಸನಸಭೆಯ ಹಿರಿಯರ ಬಳಿಗೆ. ಅಲ್ಲಿ ಫಲ ಕಾಣದೆ ೧೯೭೧ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ನೀಲ್ ಷೀಹನ್ ಅವರನ್ನು ಕಂಡರು. ಸಂಧಾನದ ಮಾತುಕತೆಗಳಿಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಎಲ್ಸ್‌ಬರ್ಗ್ ತಾವಾಗಿಯೇ ಪತ್ರಿಕೆಗೆ ಕೊಡದೆ ಉಳಿಸಿಕೊಂಡರೆಂಬುದು ಗಮನಾರ್ಹ. ರಹಸ್ಯ ಮುರಿದವನೂ ರಹಸ್ಯರಹಸ್ಯಗಳಲ್ಲಿ ಭೇದವೆಣಿಸಿದನು.

೧೯೭೧ರ ಜೂನ್ ೧೩ರಂದು ಪ್ರಕಟಣೆ ಮೊದಲಾಯಿತು. ಮರುದಿನ ಅಟಾರ್ನಿ ಜನರಲ್ ಅವರಿಂದ ನಿಲ್ಲಿಸಬೇಕೆಂದು ತಂತಿ ಬಂದಿತು. ಪತ್ರಿಕೆ ಒಪ್ಪಲಿಲ್ಲ. ಮೂರು ಕಂತುಗಳು ಅಚ್ಚಾದ ಮೇಲೆ ಜೂನ್ ೧೫ರಂದು ಸರ್ಕಾರ ನ್ಯೂಯಾರ್ಕಿನ ಸಂಯುಕ್ತ ಜಿಲ್ಲಾ ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಆ ರಾಷ್ಟ್ರದ ಇತಿಹಾಸದಲ್ಲಿ ಭದ್ರತೆಯ ಹೆಸರಿನಲ್ಲಿ ಪತ್ರಿಕೆಯೊಂದನ್ನು ಸಂಯುಕ್ತ ಸರ್ಕಾರವು ನ್ಯಾಯಾಲಯದ ಆಜ್ಞೆಯಿಂದ ನಿಲ್ಲಿಸಿದುದು ಅದೇ ಮೊದಲು. ಅಷ್ಟರಲ್ಲಿ ವಾಷಿಂಗ್ಟನ್ ಪೋಸ್ಟ್ ಪ್ರಕಟಿಸತೊಡಗಿತು. ಅದನ್ನು ತಡೆದರೆ ಬಾಸ್ಟನ್ನಿನ ಪತ್ರಿಕೆ. ಹೀಗೆ ಒಂದರ ಬಾಯಿ ಕಟ್ಟಿದರೆ ಇನ್ನೊಂದು ಬಾಯಿ ತೆರೆಯಿತು. ತಡೆಯಾಜ್ಞೆ ಕೊಟ್ಟಿದ್ದ ನ್ಯಾಯಾಧೀಶ ಗರ್ಫೈನ್ ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಬೇಹುಗಾರಿಕೆಯ ವಿಭಾಗದಲ್ಲಿ ಕೆಲಸಮಾಡಿದ್ದವರು, ನ್ಯಾಯಪೀಠಕ್ಕೆ ಆಗತಾನೆ ಬಂದವರು. ಅಪಾಯ ಎಲ್ಲಿದೆಯೆಂದು ತೋರಿಸಿರೆಂದು ಅವರು ಗುಪ್ತವಿಚಾರಣೆಯಲ್ಲಿ ಅಧಿಕಾರಿಗಳನ್ನು ಕೇಳಿದರು. ತೃಪ್ತಿಕರವಾದ ಉತ್ತರ ಬಾರದೆ ಹೋದುದರಿಂದ ಜೂನ್ ೧೯ರಂದು ಸರ್ಕಾರದ ಪ್ರಾರ್ಥನೆಯನ್ನು ತಳ್ಳಿಹಾಕಿದರು; ಮೇಲ್ಮನವಿಗಾಗಿ ತಡೆ ಮಾತ್ರ ಮುಂದುವರಿಯಿತು.

ಜೂನ್ ೨೬ರ ಶನಿವಾರ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ವಾದದ ಒಂದು ಘಟ್ಟವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಈ ಕಾಗದಗಳ ಪ್ರಕಟಣೆಯಿಂದ, ಚೀಟಿಯೆತ್ತಿ ಸೈನ್ಯಕ್ಕೆ ಸೇರಿಸಲ್ಪಟ್ಟ ಹತ್ತೊಂಬತ್ತರ ವಯಸ್ಸಿನ ನೂರು ಮಂದಿ ಹುಡುಗರು ಖಂಡಿತವಾಗಿ ಸಾಯುವರೆಂದು ನಮಗೆ ಮನದಟ್ಟಾದರೆ ಏನು ಮಾಡಬೇಕೆಂದು ನ್ಯಾಯಾಧೀಶ ಸ್ಟ್ಯೂವರ್ಟ್ ಪತ್ರಿಕೆಯ ವಕೀಲರನ್ನು ಕೇಳಿದರು. ವಕೀಲರಾಗಿದ್ದವರು ಯೇಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಅಲೆಕ್ಸಾಂಡರ್ ಬಿಕೆಲ್. ಅಂಥ ಸಂದರ್ಭದಲ್ಲಿ ತಮ್ಮೊಳಗಿನ ಮನುಷ್ಯತ್ವವು ಸಂವಿಧಾನದ ತತ್ತ್ವನಿಷ್ಠೆಯನ್ನು ಮೀರಿಬಿಡುವುದೆಂದು ಅವರು ಒಪ್ಪಿಕೊಂಡರು. ಆದರೆ ಈ ಮೊಕದ್ದಮೆ ಅಂಥದಲ್ಲವೆಂದರು. ಸ್ವಾತಂತ್ರ್ಯದ ಕಟ್ಟಾಳುಗಳು ಈ ಒಪ್ಪಿಗೆಯನ್ನು ಮೆಚ್ಚಲಿಲ್ಲ. ನನ್ನ ಎಣಿಕೆಯಲ್ಲಿ ಬಿಕೆಲ್ ಅವರ ಉತ್ತರವೇ ವಾದವನ್ನು ಗೆಲ್ಲಿಸಿತು. ತತ್ತ್ವದ ಜಗಳವನ್ನು ಅವರು ಪ್ರಮಾಣದ ಜಗಳವಾಗಿ ತಿರುಗಿಸಿದರು. ನೂರು ಹುಡುಗರು ಸಾಯುವರೆಂದು ಹೇಳಿದರೆ ಸಾಲದು, ತೋರಿಸಬೇಕು.

ಜೂನ್ ೩೦ರಂದು ತೀರ್ಪು ಬಂದಿತು: ಆರು ಮಂದಿ ಪತ್ರಿಕೆಗಳ ಪಕ್ಷ, ಮೂವರು ಸರ್ಕಾರದ ಪಕ್ಷ. ಪೂರ್ವಪ್ರತಿಬಂಧವನ್ನು ಸಮರ್ಥಿಸುವ ಭಾರವಾದ ಹೊಣೆಯನ್ನು ಸರ್ಕಾರ ನಿರ್ವಹಿಸಿಲ್ಲವೆಂಬಷ್ಟೇ ನ್ಯಾಯಾಲಯದ ಒಮ್ಮತದ ಸಾರ. ಮಿಕ್ಕುದೆಲ್ಲ ಒಂಬತ್ತು ಮಂದಿಯ ಒಂಬತ್ತು ಅಭಿಪ್ರಾಯಗಳು. ಬ್ಲಾಕ್ ಮತ್ತು ಡಗ್ಲಸ್ ಅವರಿಗೆ ಪೂರ್ವಪ್ರತಿಬಂಧವೆಂಬುದೇ ಅಸಾಧು. ಸ್ಟ್ಯೂವರ್ಟ್ ಅವರ ದೃಷ್ಟಿಯಲ್ಲಿ, ಪ್ರಕಟಣೆಯಿಂದ ದೇಶಕ್ಕೆ ಅಥವಾ ಅದರ ಜನರಿಗೆ ನೇರವಾದ, ತತ್‌ಕ್ಷಣದ, ಸರಿಪಡಿಸಲಾಗದ ಹಾನಿ ನಿಶ್ಚಿತವಾಗಿದ್ದರೆ ಮಾತ್ರ ತಡೆಯಬಹುದು. ಎಲ್ಲವನ್ನೂ ರಹಸ್ಯವೆಂದು ಕರೆದರೆ ಯಾವುದೂ ರಹಸ್ಯವಾಗಿ ಉಳಿಯದೆಂದೂ ಅವರು ಎಚ್ಚರಿಸಿದರು. ತಡೆಯಲಾಗದಿದ್ದರೂ ಅಚ್ಚಾದ ಮೇಲೆ ಶಿಕ್ಷಿಸಬಹುದೆಂಬ ದಾರಿಯನ್ನು ನ್ಯಾಯಾಧೀಶ ವೈಟ್ ತೆರೆದಿಟ್ಟರು. ಭಿನ್ನಮತೀಯರ ಮಾತುಗಳನ್ನೂ ಹಗುರವಾಗಿ ಕಾಣಬಾರದು. ಹಾರ್ಲನ್ ಅವರು ಇಷ್ಟು ಗುರುತರವಾದ ವಿಷಯವನ್ನು ಇಷ್ಟು ಅವಸರದಲ್ಲಿ ಇತ್ಯರ್ಥಪಡಿಸಿದುದನ್ನು ಆಕ್ಷೇಪಿಸಿದರು. ಮುಖ್ಯ ನ್ಯಾಯಾಧೀಶ ಬರ್ಗರ್ ಅವರು, ಕಳವಿನ ಮಾಲು ಕೈಗೆ ಸಿಕ್ಕಿದವನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಸಾಮಾನ್ಯ ಕರ್ತವ್ಯ ಬಾಡಿಗೆ ಮೋಟಾರಿನ ಚಾಲಕನಿಗೆ ಇರುವಂತೆ ಪ್ರಸಿದ್ಧ ಪತ್ರಿಕೆಗೂ ಇರಬೇಡವೆ ಎಂದು ಕೇಳಿದರು. ಈ ಕಳವಿನ ವಾದ ನಲವತ್ತೆಂಟು ವರ್ಷಗಳ ಮೇಲೆ ದಿಲ್ಲಿಯಲ್ಲಿ ಮರುಹುಟ್ಟು ಪಡೆಯಿತು.

ಮುಂದಿನ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ಎಲ್ಸ್‌ಬರ್ಗ್ ಅವರ ಮೇಲೆ ಒಟ್ಟು ೧೧೫ ವರ್ಷಗಳ ಸೆರೆವಾಸಕ್ಕೆ ಗುರಿಯಾಗಬಹುದಾದ ಆರೋಪಗಳನ್ನು ಹೊರಿಸಲಾಯಿತು. ಸರ್ಕಾರದ ಕಡೆಯವರೇ ಅವರ ಮನೋವೈದ್ಯರ ಕಚೇರಿಗೆ ಕನ್ನಹಾಕಿದುದೂ, ದೂರವಾಣಿ ಕದ್ದು ಕೇಳಿದುದೂ ಬಯಲಾಗಿ ೧೯೭೩ರ ಮೇ ೧೧ರಂದು ಮೊಕದ್ದಮೆ ವಜಾ ಆಯಿತು. ೧೯೮೯ರಲ್ಲಿ ಎರ್ವಿನ್ ಗ್ರಿಸ್‌ವಲ್ಡ್ ಅವರು ಒಂದು ಪತ್ರಿಕಾಲೇಖನ ಬರೆದರು. ೧೯೭೧ರಲ್ಲಿ ಸಾಲಿಸಿಟರ್ ಜನರಲ್ ಆಗಿ ಸರ್ಕಾರದ ಪರ ವಾದಿಸಿದವರು ಅವರೇ. ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಅಪಾಯವಾದುದರ ಕುರುಹನ್ನೂ ತಾವು ಕಂಡಿಲ್ಲವೆಂದೂ, ಮುದ್ರೆಯೊತ್ತುವವರ ಮುಖ್ಯ ಚಿಂತೆ ಅನೇಕ ವೇಳೆ ಭದ್ರತೆಯಲ್ಲ, ಸರ್ಕಾರದ ಮುಜುಗರವೆಂದೂ ಅವರು ಬರೆದರು. ಗೆದ್ದವನ ಮಾತಿಗಿಂತ ಸೋತ ವಕೀಲನ ಈ ಮಾತಿಗೆ ಬೆಲೆ ಹೆಚ್ಚು. ಸಂಪುಟಗಳು ಪೂರ್ಣವಾಗಿ ಅಧಿಕೃತವಾಗಿ ಬಿಡುಗಡೆಯಾದುದು ೨೦೧೧ರ ಜೂನ್ ೧೩ರಂದು, ಮೊದಲ ಕಂತು ಅಚ್ಚಾಗಿ ಸರಿಯಾಗಿ ನಲವತ್ತು ವರ್ಷಗಳಿಗೆ.

ಇನ್ನು ನಮ್ಮ ದೇಶದ ವಿಚಾರ. ನಮ್ಮ ರಹಸ್ಯ ಶಾಸನದ ತಾಯಿಬೇರು ಇಂಗ್ಲೆಂಡಿನಲ್ಲಿದೆ. ೧೮೮೯ರ ಭಾರತೀಯ ಕಾಯಿದೆಯನ್ನು ಕರ್ಜನ್ ಪ್ರಭುವಿನ ಸರ್ಕಾರ ೧೯೦೪ರಲ್ಲಿ ತಿದ್ದಿ, ಸೇನೆಯ ವಿಷಯಗಳ ಜೊತೆಗೆ ನಾಗರಿಕ ಆಡಳಿತದ ವಿಷಯಗಳನ್ನೂ ಅದೇ ಬಿಗಿಗೆ ಒಳಪಡಿಸಹೊರಟಾಗ, ಗೋಪಾಲಕೃಷ್ಣ ಗೋಖಲೆಯವರು ಶಾಸನಸಭೆಯಲ್ಲಿ ಅದನ್ನು ಬಲವಾಗಿ ವಿರೋಧಿಸಿದರು. ೧೯೨೩ರಲ್ಲಿ ಇವೆಲ್ಲ ಒಂದಾಗಿ ಅಧಿಕೃತ ರಹಸ್ಯಗಳ ಕಾಯಿದೆಯಾಯಿತು. ಅದರ ೩ನೆಯ ಕಲಂ ಬೇಹುಗಾರಿಕೆಯನ್ನು ಕುರಿತದ್ದು; ಅದರ ಬಗೆಗೆ ಹೆಚ್ಚು ತಕರಾರಿಲ್ಲ. ೫ನೆಯ ಕಲಂ ರಹಸ್ಯ ಮಾಹಿತಿಯನ್ನು ಅನಧಿಕೃತವಾಗಿ ಕೊಟ್ಟವನನ್ನಲ್ಲದೆ, ಹಾಗೆಂದು ತಿಳಿದು ಪಡೆದವನನ್ನೂ ಮೂರು ವರ್ಷಗಳವರೆಗಿನ ಸೆರೆಗೆ ಗುರಿಮಾಡುತ್ತದೆ. ‘ರಹಸ್ಯ’ವೆಂದರೇನೆಂಬುದನ್ನು ಕಾಯಿದೆ ಎಲ್ಲಿಯೂ ವಿವರಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಸಾಟಿಯಾಗಿದ್ದ ೧೯೧೧ರ ಕಾಯಿದೆಯ ೨ನೆಯ ಕಲಮನ್ನು, ೧೯೭೧ರಲ್ಲಿ ಸಂಡೇ ಟೆಲಿಗ್ರಾಫ್ ಪತ್ರಿಕೆಯ ಮೊಕದ್ದಮೆ ನಡೆಸಿದ ನ್ಯಾಯಾಧೀಶರೇ ನಿವೃತ್ತಿಗೊಳಿಸಬೇಕೆಂದು ಸೂಚಿಸಿದರು. ೧೯೮೯ರಲ್ಲಿ ಅದು ರದ್ದಾಗಿ, ರಕ್ಷಣೆ, ವಿದೇಶ ಸಂಬಂಧ ಮೊದಲಾದ ಕೆಲವು ವರ್ಗಗಳಲ್ಲಿ ಹಾನಿಯನ್ನು ರುಜುವಾತುಪಡಿಸಬೇಕೆಂಬ ನಿಯಮ ಬಂದಿತು. ತಾಯಿ ಗತಿಸಿದ ಮೇಲೂ ಮಗು ನಮ್ಮಲ್ಲಿ ಬಾಳುತ್ತಿದೆ.

ಹಾನಿಯ ರುಜುವಾತು ಇಲ್ಲದ ಕಾನೂನು ಮನುಷ್ಯನೊಬ್ಬನ ಬಾಳಿನಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ೨೦೦೨ರ ಪ್ರಸಂಗ ಸಾಕು. ಆ ವರ್ಷ ಜೂನ್ ತಿಂಗಳಲ್ಲಿ ಕಾಶ್ಮೀರ್ ಟೈಮ್ಸ್ ಪತ್ರಿಕೆಯ ದಿಲ್ಲಿ ಪ್ರತಿನಿಧಿ ಇಫ್ತಿಖಾರ್ ಗಿಲಾನಿ ಅವರನ್ನು ಬಂಧಿಸಲಾಯಿತು. ಅವರ ಗಣಕಯಂತ್ರದಲ್ಲಿ ಕಾಶ್ಮೀರದ ಸೇನಾನೆಲೆಗಳನ್ನು ಕುರಿತ ಬರಹವೊಂದು ಸಿಕ್ಕಿತ್ತು. ಅದು ಇಸ್ಲಾಮಾಬಾದಿನ ಸಂಶೋಧನಾಸಂಸ್ಥೆಯೊಂದು ಬಹಿರಂಗವಾಗಿಯೇ ಪ್ರಕಟಿಸಿದ್ದ ಪ್ರಬಂಧದ ಭಾಗ. ಯಾರು ಬೇಕಾದರೂ ಓದಬಹುದಾಗಿದ್ದ ಬರಹ ರಹಸ್ಯವಲ್ಲವೆಂದು ಒಪ್ಪಿಕೊಂಡು ಸರ್ಕಾರ ಮೊಕದ್ದಮೆಯನ್ನು ಹಿಂದೆಗೆದುಕೊಂಡುದು ೨೦೦೩ರ ಜನವರಿಯಲ್ಲಿ. ಅಷ್ಟರಲ್ಲಿ ಅವರು ಸುಮಾರು ಏಳು ತಿಂಗಳು ತಿಹಾರ್ ಕಾರಾಗೃಹದಲ್ಲಿ ಕಳೆದಿದ್ದರು.

ಪೂರ್ವಪ್ರತಿಬಂಧದ ವಿಷಯದಲ್ಲಾದರೋ ನಮ್ಮ ನ್ಯಾಯಾಲಯದ ನಿಲುವು ಮೊದಲಿನಿಂದಲೂ ಗಟ್ಟಿಯಾಗಿದೆ. ಪಾಕಿಸ್ತಾನಕ್ಕೆ ಸಂಬಂಧಿಸಿದ ಸುದ್ದಿಗಳನ್ನು ಮೊದಲೇ ಒಪ್ಪಿಸಿ ಅನುಮತಿ ಪಡೆಯಬೇಕೆಂದು ದಿಲ್ಲಿಯ ಆರ್ಗನೈಸರ್ ಪತ್ರಿಕೆಗೆ ಕೊಟ್ಟ ಆಜ್ಞೆಯನ್ನು ಅದು ೧೯೫೦ರ ಮೇ ೨೬ರಂದು ರದ್ದುಗೊಳಿಸಿತು. ಮರುವರ್ಷವೇ ಸಂವಿಧಾನದ ೧೯(೨)ನೆಯ ವಿಧಿಗೆ ತಿದ್ದುಪಡಿಯಾಗಿ, ರಾಜ್ಯದ ಭದ್ರತೆಯ ಜೊತೆಗೆ ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹಸಂಬಂಧ ಮೊದಲಾದ ಕಾರಣಗಳು ಸೇರಿದುವು. ಅದೇ ತಿದ್ದುಪಡಿ ನಿರ್ಬಂಧವು ಯುಕ್ತವಾಗಿರಬೇಕೆಂಬ ಪದವನ್ನೂ ಸೇರಿಸಿತು. ೧೯೭೫ರಲ್ಲಿ ಪ್ರಧಾನಮಂತ್ರಿಗಳ ಪ್ರವಾಸದ ಭದ್ರತೆಯ ನಿಯಮಪುಸ್ತಕವನ್ನು ಕುರಿತ ರಾಜನಾರಾಯಣರ ಮೊಕದ್ದಮೆಯಲ್ಲಿ, ಅಧಿಕಾರಸ್ಥರು ಬಹಿರಂಗವಾಗಿ ಕೈಕೊಂಡ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಜನಕ್ಕಿದೆಯೆಂದು ನ್ಯಾಯಾಧೀಶ ಮ್ಯಾಥ್ಯೂ ಬರೆದರು.

೧೯೭೧ರ ಮೊಕದ್ದಮೆ ನಮ್ಮ ನ್ಯಾಯಪೀಠದ ಮುಂದೆ ಬಂದುದು ೨೦೧೯ರಲ್ಲಿ. ರಫೇಲ್ ಯುದ್ಧವಿಮಾನಗಳ ಖರೀದಿಗೆ ಸಂಬಂಧಿಸಿದ ರಕ್ಷಣಾ ಸಚಿವಾಲಯದ ಕೆಲವು ಟಿಪ್ಪಣಿಗಳನ್ನು ‘ದಿ ಹಿಂದು’ ಪತ್ರಿಕೆ ಫೆಬ್ರುವರಿಯಿಂದ ಪ್ರಕಟಿಸಿತು. ಖರೀದಿಯ ತನಿಖೆ ಬೇಡವೆಂದು ೨೦೧೮ರ ಡಿಸೆಂಬರಿನಲ್ಲಿ ಕೊಟ್ಟಿದ್ದ ತೀರ್ಪಿನ ಪುನರ್ವಿಮರ್ಶೆಯನ್ನು ಕೋರಿದವರು ಆ ಟಿಪ್ಪಣಿಗಳನ್ನು ಆಧಾರವಾಗಿ ಸಲ್ಲಿಸಿದರು. ಇವು ಸಚಿವಾಲಯದಿಂದ ಕಳುವಾದ ಕಾಗದಗಳು, ರಹಸ್ಯ ಕಾಯಿದೆಗೆ ಒಳಪಟ್ಟವು, ನೋಡಲೇ ಕೂಡದವು ಎಂದು ಅಟಾರ್ನಿ ಜನರಲ್ ವಾದಿಸಿದರು. ಏಪ್ರಿಲ್ ೧೦ರಂದು ಮೂವರು ನ್ಯಾಯಾಧೀಶರ ಪೀಠ ಈ ಆಕ್ಷೇಪಣೆಯನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಾಧೀಶ ರಂಜನ್ ಗೊಗೊಯ್ ಅವರು ನ್ಯೂಯಾರ್ಕ್ ಟೈಮ್ಸ್ ತೀರ್ಪನ್ನು ಸ್ಮರಿಸಿ, ರಹಸ್ಯ ಮುದ್ರೆಯ ಕಾಗದದ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನು ರಹಸ್ಯ ಕಾಯಿದೆಯಾಗಲಿ ತಮ್ಮ ಗಮನಕ್ಕೆ ತಂದ ಬೇರೆ ಶಾಸನವಾಗಲಿ ಸರ್ಕಾರಕ್ಕೆ ಕೊಟ್ಟಿಲ್ಲವೆಂದರು. ನ್ಯಾಯಾಧೀಶ ಜೋಸೆಫ್ ಅವರು ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದ ೮(೨)ನೆಯ ಕಲಮನ್ನು ಎತ್ತಿಹಿಡಿದರು. ರಹಸ್ಯ ಕಾಯಿದೆ ಏನೇ ಹೇಳಲಿ, ಬಹಿರಂಗದಿಂದಾಗುವ ಸಾರ್ವಜನಿಕ ಹಿತವು ಹಾನಿಯನ್ನು ಮೀರಿದರೆ ಮಾಹಿತಿಯನ್ನು ಕೊಡಬಹುದೆಂಬುದೇ ಆ ಕಲಂ. ನವೆಂಬರ್ ೧೪ರಂದು ಪುನರ್ವಿಮರ್ಶೆಯ ಅರ್ಜಿಗಳು ವಜಾ ಆದುವು. ಕಾಗದಗಳನ್ನು ನೋಡಬಹುದೆಂಬುದು ಬೇರೆ, ಅವು ಅರ್ಜಿದಾರರ ವಾದವನ್ನು ಸಾಧಿಸಿದುವೆಂಬುದು ಬೇರೆ. ಚರ್ಚಾಕೂಟಗಳಲ್ಲಿ ಇವೆರಡನ್ನೂ ಬೆರೆಸುವ ಅಭ್ಯಾಸ ಕಂಡುಬರುತ್ತಿದೆ.

ಈ ತೀರ್ಪು ೫ನೆಯ ಕಲಮನ್ನು ಮುಟ್ಟಲಿಲ್ಲ. ಅದು ಪೀಠದ ಮುಂದಿದ್ದ ಪ್ರಶ್ನೆಯೂ ಅಲ್ಲ. ರಹಸ್ಯ ಕಾಯಿದೆಯನ್ನು ರದ್ದುಗೊಳಿಸಿ, ಬೇಹುಗಾರಿಕೆ ಮೊದಲಾದ ನಿಜವಾದ ಅಪರಾಧಗಳನ್ನು ರಾಷ್ಟ್ರೀಯ ಭದ್ರತಾ ಅಧಿನಿಯಮದಲ್ಲಿ ಒಂದು ಅಧ್ಯಾಯವಾಗಿ ಸೇರಿಸಬೇಕೆಂದು ಎರಡನೆಯ ಆಡಳಿತ ಸುಧಾರಣಾ ಆಯೋಗವು ೨೦೦೬ರಲ್ಲಿ ಮಾಡಿದ ಸಲಹೆ ಕಾರ್ಯಗತವಾಗಿಲ್ಲ. ಆದಕಾರಣ ಇಂದು ಪತ್ರಕರ್ತನೊಬ್ಬನ ಮೇಜಿಗೆ ರಹಸ್ಯ ಮುದ್ರೆಯ ಕಾಗದವೊಂದು ಬಂದರೆ, ಅದನ್ನು ಅಚ್ಚುಹಾಕದಂತೆ ತಡೆಯುವ ಅಧಿಕಾರ ಸಚಿವಾಲಯಕ್ಕೆ ರಹಸ್ಯ ಕಾಯಿದೆಯಿಂದ ಬಂದಿಲ್ಲ. ಅದನ್ನು ಕೈಗೆ ತೆಗೆದುಕೊಂಡುದಕ್ಕಾಗಿ ಅವನ ಮೇಲೆ ೫ನೆಯ ಕಲಮಿನ ಪ್ರಕಾರ ದೂರು ಹೂಡುವ ಅಧಿಕಾರ ಮಾತ್ರ ಹಾಗೆಯೇ ಇದೆ.